ಟುವಿಕ್ಸ್ ಜಗಳದಲ್ಲಿ ಡಾಕ್ಟರನ್ನು ಯಾಕೆ ಬಿಟ್ಟಿರಿ?

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ 'ಸ್ಟಾರ್ ಟ್ರೆಕ್: ವಾಯೇಜರ್' ಎಂಬ ಅಮೆರಿಕದ ಬಾಹ್ಯಾಕಾಶ ಧಾರಾವಾಹಿಯ 'ಟುವಿಕ್ಸ್' ಕಂತಿನ ಬಗ್ಗೆ ಲೇಖನ ಬಂದಿತ್ತು. ಕೊನೆಯಲ್ಲಿ ಓದುಗರಿಗೆ ಒಂದು ಪ್ರಶ್ನೆ ಕೇಳಿದ್ದಿರಿ. ಇಬ್ಬರನ್ನು ಉಳಿಸಲು ಒಬ್ಬನ ಜೀವ ತೆಗೆದ ಹಡಗಿನ ಕ್ಯಾಪ್ಟನ್ ಜೇನ್‌ವೇ ಕೊಲೆಗಾರ್ತಿಯೋ ಅಲ್ಲವೋ? ಬುಧವಾರ ಎರಡು ಪತ್ರ ಅಚ್ಚಾದವು. ಒಬ್ಬರು ಕೊಲೆಗಾರ್ತಿಯೇ ಅಂದರು. ಇನ್ನೊಬ್ಬರು, ಇಬ್ಬರ ಜೀವ ಉಳಿಸಿದವಳನ್ನು ಹಾಗೆ ಕರೆಯಲು ನಾಚಿಕೆಯಾಗಬೇಕು ಅಂದರು. ಎರಡನ್ನೂ ಓದಿ ಪೇಪರ್ ಮಡಚಿಟ್ಟೆ. ಆಮೇಲೆ ಮತ್ತೆ ಬಿಡಿಸಿದೆ. ಎರಡರಲ್ಲೂ ಒಬ್ಬರ ಹೆಸರೇ ಇಲ್ಲ. ಲೇಖನದಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಸಾಲು, ಅದೂ ಹೊಗಳಿಕೆ. ಆ ಹಡಗಿನ ಡಾಕ್ಟರ್. ನನ್ನ ತಕರಾರು ಇರುವುದು ಅವರ ಬಗ್ಗೆ.

ನಾನು ನಿವೃತ್ತ ನರ್ಸ್. 31 ವರ್ಷ ಸರ್ಜಿಕಲ್ ವಾರ್ಡ್‌ಗಳಲ್ಲಿ ಕೆಲಸ ಮಾಡಿದ್ದೇನೆ. ಬಾಹ್ಯಾಕಾಶ, ಮೊನಚು ಕಿವಿಯ ಜನ, ಇವಕ್ಕೂ ನನಗೂ ಏನು ಸಂಬಂಧ ಅಂತ ಕೇಳಬಹುದು. ನೈಟ್ ಡ್ಯೂಟಿ ಮುಗಿಸಿ ಬಂದರೆ ತಕ್ಷಣ ನಿದ್ದೆ ಹತ್ತುವುದಿಲ್ಲ. ಟೀವಿಯಲ್ಲಿ ಏನು ಸಿಕ್ಕರೆ ಅದೇ. ಹಾಗೆ ಅಂಟಿಕೊಂಡ ಧಾರಾವಾಹಿ ಇದು. ಮಗನಿಗೂ ನನ್ನಿಂದಲೇ ಹುಚ್ಚು ಹತ್ತಿತು. ಏಳು ಸೀಸನ್, 172 ಕಂತು, ಒಂದನ್ನೂ ಬಿಡದೆ ನೋಡಿದ್ದೇವೆ. ಕೆಲವನ್ನು ಬಿಡಬಹುದಿತ್ತು, ಆ ಮಾತು ಬೇರೆ.

ನೋಡದವರಿಗಾಗಿ ಕಥೆ ಹೇಳಿಬಿಡುತ್ತೇನೆ. ಈ ಕಂತು ಅಮೆರಿಕದಲ್ಲಿ ಮೊದಲು ಪ್ರಸಾರವಾಗಿದ್ದು 1996ರ ಮೇ 6ರಂದು. ವಾಯೇಜರ್ ಎಂಬ ಬಾಹ್ಯಾಕಾಶ ಹಡಗು ಮನೆಯಿಂದ 70,000 ಜ್ಯೋತಿರ್ವರ್ಷ ದೂರದಲ್ಲಿ ಒಂಟಿಯಾಗಿದೆ. ಪೂರ್ತಿ ವೇಗದಲ್ಲಿ ಹೊರಟರೂ ಊರು ಸೇರಲು 75 ವರ್ಷ ಬೇಕು. ಒಬ್ಬರು ಹೋದರೆ ಅವರ ಜಾಗಕ್ಕೆ ಇನ್ನೊಬ್ಬರನ್ನು ಕಳಿಸುವವರಿಲ್ಲ. ಇದು ಮುಖ್ಯ, ನೆನಪಿಡಿ. ಹಡಗಿನ ಭದ್ರತೆ ನೋಡಿಕೊಳ್ಳುವವನು ಟುವಾಕ್. ವಲ್ಕನ್ ಜನಾಂಗದವನು, ನಗುವುದಿಲ್ಲ. ಅಡುಗೆ ಮಾಡುವವನು ನೀಲಿಕ್ಸ್. ಅವನ ಬಾಯಿ ಮುಚ್ಚುವುದಿಲ್ಲ. ಇಬ್ಬರೂ ಒಂದು ಗ್ರಹಕ್ಕೆ ಗಿಡ ಸಂಗ್ರಹಿಸಲು ಹೋಗುತ್ತಾರೆ. ಟ್ರಾನ್ಸ್‌ಪೋರ್ಟರ್‌ನಲ್ಲಿ, ಅಂದರೆ ಜನರನ್ನು ಕ್ಷಣದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಯಂತ್ರದಲ್ಲಿ, ವಾಪಸ್ ಬರುವಾಗ ಜೊತೆಗಿದ್ದ ಆರ್ಕಿಡ್ ಹೂವಿನಿಂದ ಎಡವಟ್ಟಾಗುತ್ತದೆ. ಇಬ್ಬರೂ ಬೆರೆತು ಒಬ್ಬನೇ ಆಗಿ ಇಳಿಯುತ್ತಾರೆ. ಬಟ್ಟೆ ಕೂಡ ಬೆರೆತಿರುತ್ತದೆ, ಅದು ಹೇಗೆ ಅಂತ ಕೇಳಬೇಡಿ.

ಹೊಸಬ ತನಗೆ ಟುವಿಕ್ಸ್ ಅಂತ ಹೆಸರಿಟ್ಟುಕೊಳ್ಳುತ್ತಾನೆ. ಇಬ್ಬರ ನೆನಪೂ ಅವನಲ್ಲಿದೆ, ಆದರೆ 'ನಾನು' ಅನ್ನುವುದು ಒಂದೇ. ಟುವಾಕ್‌ನ ಕೆಲಸ ಚೆನ್ನಾಗಿ ಮಾಡುತ್ತಾನೆ. ಅಡುಗೆಯಂತೂ ನೀಲಿಕ್ಸ್‌ಗಿಂತ ವಾಸಿ. ಟಾಮ್ ರೈಟ್ ಎಂಬ ನಟ ಇದನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದರೆ, ಒಂದು ಕಡೆ ಟಿಮ್ ರಸ್ ಅವರ ಟುವಾಕ್ ಕಾಣುತ್ತಾನೆ, ಇನ್ನೊಂದು ಕಡೆ ಈಥನ್ ಫಿಲಿಪ್ಸ್ ಅವರ ನೀಲಿಕ್ಸ್. ಸ್ವಲ್ಪ ಹೊತ್ತಿಗೆ ಇಬ್ಬರೂ ಮರೆತೇಹೋಗಿ ಮೂರನೆಯವನೊಬ್ಬ ಕೂತಿರುತ್ತಾನೆ.

ದಿನಗಳು ವಾರಗಳಾಗುತ್ತವೆ. ಜನ ಅವನಿಗೆ ಹೊಂದಿಕೊಳ್ಳುತ್ತಾರೆ. ಆಗ ಡಾಕ್ಟರ್‌ಗೆ ಬೇರ್ಪಡಿಸುವ ದಾರಿ ಸಿಗುತ್ತದೆ. ಬೆರೆತಿರುವ ಇಬ್ಬರಲ್ಲಿ ಒಬ್ಬರ ಡಿಎನ್ಎಗೆ ಮಾತ್ರ ಅಂಟಿಕೊಳ್ಳುವ ರೇಡಿಯೋ ಐಸೊಟೋಪ್ ಕೊಡುವುದು, ಅದರ ಗುರುತು ಹಿಡಿದು ಟ್ರಾನ್ಸ್‌ಪೋರ್ಟರ್ ಆ ಭಾಗವನ್ನು ಎತ್ತುವುದು. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಯುತ್ತೇವಲ್ಲ, ಹೆಚ್ಚೂಕಡಿಮೆ ಹಾಗೆ. ಎಲ್ಲರಿಗೂ ಖುಷಿ. ಟುವಿಕ್ಸ್ ಒಬ್ಬನೇ ಬೇಡ ಅನ್ನುತ್ತಾನೆ. ನನಗೆ ಬದುಕಬೇಕು ಅನ್ನುತ್ತಾನೆ.

ತನ್ನ ಪರವಾಗಿ ಮಾತಾಡು ಅಂತ ಕೆಸ್‌ಳನ್ನು ಕೇಳುತ್ತಾನೆ. ಕೆಸ್ ನೀಲಿಕ್ಸ್‌ನ ಪ್ರೇಯಸಿ, ಡಾಕ್ಟರ್ ಹತ್ತಿರ ಕೆಲಸ ಕಲಿಯುತ್ತಿರುವ ಹುಡುಗಿ. ಅವಳು ಕ್ಯಾಪ್ಟನ್ ಹತ್ತಿರ ಹೋಗಿ ಅಳುತ್ತಾಳೆ. ನನಗೆ ನೀಲಿಕ್ಸ್ ವಾಪಸ್ ಬೇಕು ಅನ್ನುತ್ತಾಳೆ. ಕ್ಯಾಪ್ಟನ್ ತೀರ್ಮಾನ ಮಾಡುತ್ತಾಳೆ. ಹಡಗು ನಡೆಸುವ ಬ್ರಿಡ್ಜ್‌ನಲ್ಲಿ ಎಲ್ಲರೆದುರು ಟುವಿಕ್ಸ್ ಅಂಗಲಾಚುತ್ತಾನೆ. ಇದು ತಪ್ಪು ಅಂತ ಯಾರಿಗೂ ಅನಿಸುತ್ತಿಲ್ಲವೇ ಅಂತ ಒಬ್ಬೊಬ್ಬರ ಮುಖ ನೋಡುತ್ತಾನೆ. ಯಾರೂ ತುಟಿ ಬಿಚ್ಚುವುದಿಲ್ಲ. ಚಿಕಿತ್ಸಾ ಕೊಠಡಿಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಡಾಕ್ಟರ್ ಆಗುವುದಿಲ್ಲ ಅನ್ನುತ್ತಾರೆ. ವೈದ್ಯನಾದವನು ಕೇಡು ಮಾಡಬಾರದು, ಇವನ ಇಷ್ಟಕ್ಕೆ ವಿರುದ್ಧವಾಗಿ ಇವನ ಜೀವ ತೆಗೆಯಲಾರೆ ಎಂದು ಹೇಳಿ ಬಿಡುತ್ತಾರೆ. ಕ್ಯಾಪ್ಟನ್ ತಾನೇ ಹೋಗಿ ಯಂತ್ರದ ಗುಂಡಿ ಒತ್ತುತ್ತಾಳೆ. ಟುವಾಕ್, ನೀಲಿಕ್ಸ್ ಬರುತ್ತಾರೆ. ಕ್ಯಾಪ್ಟನ್ ಹೊರಗೆ ಬಂದು ಕಾರಿಡಾರಿನಲ್ಲಿ ನಡೆಯುತ್ತಾಳೆ. ಕ್ಯಾಪ್ಟನ್ ಪಾತ್ರ ಮಾಡಿದ ಕೇಟ್ ಮಲ್ಗ್ರೂ ಅವರ ಆ ಮುಖ, ಅಷ್ಟೇ. ಮುಗಿಯಿತು.

ಮುಗಿದಿದ್ದು ಕಂತು, ಜಗಳವಲ್ಲ. ಅದು ಇವತ್ತಿಗೂ ನಡೆಯುತ್ತಲೇ ಇದೆ. ನಮ್ಮ ಮನೆಯಲ್ಲೂ ನಡೆದಿದೆ. ಮಗ ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಎರಡು ದಿನ ಮಾತು ಬಿಟ್ಟಿದ್ದ. ನಾನು ಆಗ ಕ್ಯಾಪ್ಟನ್ ಪಕ್ಷ. ಅವನು ಟುವಿಕ್ಸ್ ಪಕ್ಷ.

ನನ್ನ ಲೆಕ್ಕ ಸುಲಭವಾಗಿತ್ತು. ಒಬ್ಬ ಹೋದರೆ ಇಬ್ಬರು ಬರುತ್ತಾರೆ. ಟುವಾಕ್‌ಗೆ ಊರಲ್ಲಿ ಹೆಂಡತಿ, ನಾಲ್ಕು ಮಕ್ಕಳು ಕಾಯುತ್ತಿದ್ದಾರೆ. ಟುವಿಕ್ಸ್‌ಗೆ ಬಾಯಿದೆ, ಬೇಡ ಅನ್ನುತ್ತಾನೆ. ಆ ಇಬ್ಬರಿಗೆ ಬಾಯಿ ಎಲ್ಲಿದೆ? ಅವರ ಪರವಾಗಿ ಯಾರಾದರೂ ಮಾತಾಡಬೇಕಲ್ಲ. ಅದನ್ನೇ ಕ್ಯಾಪ್ಟನ್ ಮಾಡಿದ್ದು. ಬುಧವಾರದ ಎರಡನೇ ಪತ್ರದವರೂ ಇದನ್ನೇ ಬರೆದಿದ್ದಾರೆ. ಇದು ದಡ್ಡ ವಾದ ಅಲ್ಲ. ಬಾಯಿಲ್ಲದ ರೋಗಿಯ ಪರ ನಿಲ್ಲುವುದು ನರ್ಸ್ ಕೆಲಸದ ಅರ್ಧ ಭಾಗ.

ಮಗ ಆಗ ಕೇಳಿದ್ದು: "ಅಮ್ಮ, ನಿನ್ನ ವಾರ್ಡ್‌ನಲ್ಲಿ ಇಬ್ಬರಿಗೆ ಕಿಡ್ನಿ ಬೇಕು. ಪೇಷಂಟ್ ನೋಡೋಕೆ ಬಂದ ಗಟ್ಟಿಮುಟ್ಟಾದ ಒಬ್ಬ ಹೊರಗೆ ಬೆಂಚಿನ ಮೇಲೆ ಕೂತಿದಾನೆ. ಎರಡೂ ಕಿಡ್ನಿ ತೆಗೀತೀಯಾ?" ನಾನು ಅದು ಬೇರೆ ಅಂದೆ. ಹೇಗೆ ಬೇರೆ ಅಂದ. ಆ ಬೆಂಚಿನವನು ನನ್ನ ರೋಗಿಗಳನ್ನು ನುಂಗಿ ಹುಟ್ಟಿದವನಲ್ಲ ಅಂದೆ. ಟುವಿಕ್ಸ್ ಯಾರನ್ನೂ ನುಂಗಲಿಲ್ಲ, ಹೂವು ಮಾಡಿದ ಕೆಲಸ ಅದು ಅಂದ. ಇಬ್ಬರೂ ಸಿಟ್ಟಾದೆವು. ಆಮೇಲೆ ಗೊತ್ತಾಯಿತು, ತತ್ವಶಾಸ್ತ್ರದವರು ಇದರ ಮೇಲೆ ಸಾಕಷ್ಟು ತಲೆ ಕೆಡಿಸಿಕೊಂಡಿದ್ದಾರೆ ಅಂತ. ಬ್ರೇಕಿಲ್ಲದ ಟ್ರಾಲಿ, ಒಂದು ಹಳಿಯ ಮೇಲೆ ಐವರು, ಇನ್ನೊಂದರ ಮೇಲೆ ಒಬ್ಬ, ಟ್ರಾಲಿಯನ್ನು ಯಾವ ಕಡೆ ತಿರುಗಿಸುತ್ತೀರಿ? ಬ್ರಿಟನ್ನಿನ ಫಿಲಿಪ್ಪಾ ಫುಟ್ 1967ರಲ್ಲಿ ಎತ್ತಿದ ಪ್ರಶ್ನೆ. ಆದರೆ ಆ ಹಳಿಯ ಮೇಲಿನ ಒಬ್ಬ ತಿರುಗಿ ನಿಮ್ಮ ಹೆಸರು ಹಿಡಿದು ಕರೆಯುವುದಿಲ್ಲ. ಟುವಿಕ್ಸ್ ಕರೆಯುತ್ತಾನೆ. ಈ ಕಂತಿನ ಕಷ್ಟ ಇರುವುದೇ ಅಲ್ಲಿ.

ಉಳಿದ ವಾದಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟುವಿಕ್ಸ್ ಹುಟ್ಟಿದ್ದೇ ಒಂದು ಅಪಘಾತದಿಂದ, ಅವನಿಗೆ ಹಕ್ಕೆಲ್ಲಿಂದ ಬಂತು ಅನ್ನುವವರಿದ್ದಾರೆ. ಅಪಘಾತದಿಂದ ಹುಟ್ಟಿದವರಿಗೆ ಹಕ್ಕಿಲ್ಲ ಅಂದರೆ ನಮ್ಮಲ್ಲಿ ಎಷ್ಟೋ ಜನ ಗಂಟು ಮೂಟೆ ಕಟ್ಟಬೇಕಾಗುತ್ತದೆ. ಇನ್ನು ಕೆಲವರು ಜಾಣರು. ಇದೇ ಸ್ಟಾರ್ ಟ್ರೆಕ್‌ನಲ್ಲಿ, 1993ರ ಒಂದು ಕಂತಿನಲ್ಲಿ, ಟ್ರಾನ್ಸ್‌ಪೋರ್ಟರ್ ರೈಕರ್ ಎಂಬ ಅಧಿಕಾರಿಯನ್ನು ಇಬ್ಬರನ್ನಾಗಿ ಮಾಡಿತ್ತು, ಹಾಗೆ ಟುವಿಕ್ಸ್‌ನ ಎರಡು ಪ್ರತಿ ಮಾಡಿ ಒಂದನ್ನು ಬೇರ್ಪಡಿಸಬಹುದಿತ್ತಲ್ಲ ಅನ್ನುತ್ತಾರೆ. ಲೆಕ್ಕ ಬರದಿದ್ದಾಗ ಪ್ರಶ್ನೆಪತ್ರಿಕೆಯನ್ನೇ ತಿದ್ದುವ ಬುದ್ಧಿ ಇದು. ತಿದ್ದಿದರೂ ಪ್ರಯೋಜನವಿಲ್ಲ. ಆ ಎರಡನೇ ಪ್ರತಿಯೂ ಬೇಡ ಅಂದರೆ?

ತಮಾಷೆಗಂತೂ ಕೊನೆಯಿಲ್ಲ. 'ಜೇನ್‌ವೇ ಟುವಿಕ್ಸ್‌ನನ್ನು ಕೊಂದಳು' ಅನ್ನುವುದು ಅಭಿಮಾನಿಗಳ ನಡುವೆ ಗಾದೆಯ ಹಾಗೆ ಆಗಿಬಿಟ್ಟಿದೆ. ಕೊನೆಗೆ ಸ್ಟಾರ್ ಟ್ರೆಕ್‌ನವರೇ ಆ ತಮಾಷೆಗೆ ಸೇರಿಕೊಂಡರು. 2023ರ ಸೆಪ್ಟೆಂಬರ್‌ನಲ್ಲಿ 'ಲೋವರ್ ಡೆಕ್ಸ್' ಎಂಬ ಕಾರ್ಟೂನ್ ಸರಣಿಯ ನಾಲ್ಕನೇ ಸೀಸನ್ ಶುರುವಾಗಿದ್ದೇ ಇದರಿಂದ. ಇನ್ನೊಂದು ಹಡಗಿನಲ್ಲಿ ಅದೇ ಥರ ಇಬ್ಬರು ಬೆರೆತುಹೋಗುತ್ತಾರೆ. ಅಲ್ಲಿನ ಕ್ಯಾಪ್ಟನ್, ಜೇನ್‌ವೇ ಆಗ ಏನು ಮಾಡಿದಳು ಅಂತ ತಿಳಿದು ಬೆಚ್ಚಿಬೀಳುತ್ತಾಳೆ. ನಾನೂ ನಕ್ಕೆ. ಆದರೆ ಆ ಕಾರ್ಟೂನಿನಲ್ಲಿ ಬಿಕ್ಕಟ್ಟು ಬಿಡಿಸಿದ್ದು ಹೇಗೆ ಗೊತ್ತೇ? ಬೆರೆತವರನ್ನೆಲ್ಲ ಇನ್ನೂ ಬೆರೆಸಿ, ಬುದ್ಧಿ ಪ್ರಜ್ಞೆ ಏನೂ ಇಲ್ಲದ ಮುದ್ದೆ ಮಾಡಿ, ಆಮೇಲೆ ಬೇರ್ಪಡಿಸಿದರು. ಬೇಡ ಅನ್ನುವ ಬಾಯಿಯೇ ಇಲ್ಲದ ಮೇಲೆ ಸಮಸ್ಯೆ ಎಲ್ಲಿಂದ ಬರಬೇಕು?

1996ರ ಕಂತು ಬರೆದವರು ಹಾಗೆ ತಪ್ಪಿಸಿಕೊಳ್ಳಲಿಲ್ಲ. ಕೊನೆಯ ಐದು ನಿಮಿಷದಲ್ಲಿ ಟುವಿಕ್ಸ್ ಮನಸ್ಸು ಬದಲಾಯಿಸಿ, ಸರಿ, ಅವರಿಬ್ಬರಿಗಾಗಿ ನಾನು ಹೋಗುತ್ತೇನೆ ಅಂದಿದ್ದರೆ ನಾವೆಲ್ಲ ಕಣ್ಣೊರೆಸಿಕೊಂಡು ಮಲಗುತ್ತಿದ್ದೆವು. ಮರುದಿನ ಮರೆಯುತ್ತಿದ್ದೆವು. ಅವನು ಕೊನೆಯವರೆಗೂ ಬೇಡ ಅನ್ನುತ್ತಾನೆ. ನಿಮ್ಮನ್ನೆಲ್ಲ ಕ್ಷಮಿಸಿದ್ದೇನೆ ಅಂತ ಬೇರೆ ಹೇಳುತ್ತಾನೆ. ಒಪ್ಪಿಗೆ ಮಾತ್ರ ಕೊಡುವುದಿಲ್ಲ. ಕೆಟ್ಟ ಕಂತು ಅನ್ನುವ ಅಭಿಮಾನಿಗಳಿಗೆ ನನ್ನ ಉತ್ತರ ಇಷ್ಟೇ.

ಈಗ ಡಾಕ್ಟರ್ ವಿಷಯ.

ವಾಯೇಜರ್‌ನ ಡಾಕ್ಟರ್ ಮನುಷ್ಯರಲ್ಲ, ಹಾಲೊಗ್ರಾಮ್, ಅಂದರೆ ಕಂಪ್ಯೂಟರ್ ಬೆಳಕಿನಿಂದ ಮೂಡಿಸಿದ ಮನುಷ್ಯರೂಪ. ಹಡಗಿನ ವೈದ್ಯರು ಮೊದಲ ಕಂತಿನಲ್ಲೇ ಸತ್ತುಹೋದ ಕಾರಣ ತುರ್ತಿಗೆ ಅಂತ ಇದ್ದ ಪ್ರೋಗ್ರಾಮನ್ನು ಏಳು ಸೀಸನ್ ಓಡಿಸಿದರು. ರಾಬರ್ಟ್ ಪಿಕಾರ್ಡೋ ಆ ಪಾತ್ರ. ಸಿಡುಕು, ಜಂಭ, ಕೆಲಸದಲ್ಲಿ ನಿಖರ. ಅಂಥ ಡಾಕ್ಟರ್‌ಗಳ ಜೊತೆ ಕೆಲಸ ಮಾಡಿದವರಿಗೆ ಅವರ ಮೇಲೆ ತಕ್ಷಣ ಪ್ರೀತಿ ಬರುತ್ತದೆ. ಟುವಿಕ್ಸ್ ಜಗಳದಲ್ಲಿ ಎರಡೂ ಬಣದವರು ಒಪ್ಪುವುದು ಒಂದೇ ಮಾತು. ಡಾಕ್ಟರ್ ಸರಿ. ಇಡೀ ಹಡಗಿನಲ್ಲಿ ಇಲ್ಲ ಅಂದವರು ಅವರೊಬ್ಬರೇ. ಮನುಷ್ಯರಿಗೆ ಇಲ್ಲದ ಮನಸ್ಸಾಕ್ಷಿ ಒಂದು ಪ್ರೋಗ್ರಾಮಿಗೆ ಇತ್ತು ಅಂತ ನಿಮ್ಮ ಲೇಖಕರೂ ಬರೆದಿದ್ದಾರೆ.

ನಾನೂ ಎಷ್ಟೋ ವರ್ಷ ಹೀಗೇ ಹೇಳಿಕೊಂಡು ಬಂದೆ. ಕ್ಯಾಪ್ಟನ್ ಪಕ್ಷದಲ್ಲಿದ್ದಾಗಲೂ ಡಾಕ್ಟರ್ ಅಂದರೆ ನನಗೆ ಹೆಮ್ಮೆ. ಯಾಕೆಂದರೆ ನಾನೂ ಒಮ್ಮೆ ಇಲ್ಲ ಅಂದಿದ್ದೆ.

ಆಗ ನನ್ನ ಸರ್ವಿಸ್ ಹನ್ನೊಂದನೇ ವರ್ಷ. ವಾರ್ಡ್‌ನಲ್ಲಿ ಒಬ್ಬ ಅಜ್ಜ ಇದ್ದರು. ಸಕ್ಕರೆ ಕಾಯಿಲೆ, ಪಾದಕ್ಕೆ ಗ್ಯಾಂಗ್ರೀನ್ ಆಗಿತ್ತು. ಮಂಡಿ ಕೆಳಗೆ ಕಾಲು ತೆಗೆಯಬೇಕು. ಅಜ್ಜ ಬೇಡ ಅಂದರು. ತಲೆ ಪೂರ್ತಿ ನೆಟ್ಟಗಿತ್ತು. ವಾರ, ತಾರೀಖು, ಯಾವ ಮಗನಿಗೆ ಎಷ್ಟು ಸಾಲ ಇದೆ, ಎಲ್ಲ ಹೇಳುತ್ತಿದ್ದರು. "ಹೋದ್ರೆ ಕಾಲಿನ ಜೊತೆಗೇ ಹೋಗ್ತೀನಿ, ನಂದು ಎಷ್ಟು ವರ್ಷ ಆಯ್ತು ನೋಡಿ" ಅನ್ನುತ್ತಿದ್ದರು. ಮಕ್ಕಳು ಅತ್ತರು, ಬೈದರು. ಆಮೇಲೆ ಅವರೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ರೋಗಿ ಸಹಿ ಮಾಡಬೇಕಾದ ಜಾಗದಲ್ಲಿ ಮಗನ ಸಹಿ.

ಬೆಳಿಗ್ಗೆ ಅವರನ್ನು ಥಿಯೇಟರಿಗೆ ರೆಡಿ ಮಾಡಬೇಕಾದವಳು ನಾನು. ಫೈಲ್ ನೋಡಿದೆ. ಸರ್ಜನ್ ಹತ್ತಿರ ಹೋದೆ. "ಸರ್, ಪೇಷಂಟ್ ಸಹಿ ಇಲ್ಲ. ಪೇಷಂಟ್ ಬೇಡ ಅಂತಿದಾರೆ. ನಾನು ರೆಡಿ ಮಾಡಲ್ಲ" ಅಂದೆ. ಕೈ ನಡುಗುತ್ತಿತ್ತು. ಆ ಸರ್ಜನ್ ಕೆಟ್ಟವರಲ್ಲ. ಆಪರೇಷನ್ ಆಗದಿದ್ದರೆ ಒಂದು ವಾರ ಉಳಿಯುವುದು ಕಷ್ಟ ಅಂದರು. ಅದು ನಿಜವಾಗಿತ್ತು. ಸರಿ, ನಿಮಗಾಗದಿದ್ದರೆ ಬಿಡಿ ಅಂದರು. ನಾನು ಆ ದಿನ ಬೇರೆ ವಾರ್ಡ್‌ಗೆ ಹೋದೆ. ಇನ್ನೊಬ್ಬ ಸಿಸ್ಟರ್ ರೆಡಿ ಮಾಡಿದರು. ಕಾಲು ತೆಗೆದರು. ಅಜ್ಜ ಬದುಕಿದರು. ನಾಲ್ಕು ವರ್ಷ ಬದುಕಿದರು. ಮಕ್ಕಳು ಎಲ್ಲರಿಗೂ ಕೈ ಮುಗಿದು ಹೋದರು.

ಈ ಕಥೆಯನ್ನು ಹೊಸದಾಗಿ ಸೇರಿದ ಹುಡುಗಿಯರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಒಪ್ಪಿಗೆ ಪತ್ರ ಅಂದರೆ ಸುಮ್ನೆ ಕಾಗದವಲ್ಲ, ಸಹಿ ಇಲ್ಲ ಅಂದರೆ ಇಲ್ಲ, ನಾನು ಹೀಗೆ ಹೇಳಿದ್ದೆ, ನೀವೂ ಹೇಳಿ. ಅವರು ಕಣ್ಣರಳಿಸಿ ಕೇಳುತ್ತಿದ್ದರು. ಕಥೆಯ ಒಂದು ಭಾಗವನ್ನು ಮಾತ್ರ ಹೇಳುತ್ತಿರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಿವೃತ್ತಿಯಾದ ಮೇಲೆ, ಹೋದ ವರ್ಷ, ಮಗನ ಜೊತೆ ಕೂತು 'ಟುವಿಕ್ಸ್' ಮತ್ತೆ ನೋಡಿದೆ. ಡಾಕ್ಟರ್ ಇಲ್ಲ ಅನ್ನುವ ಕಡೆ ಯಾವಾಗಲೂ ಮೈ ಜುಮ್ ಅನ್ನುತ್ತಿತ್ತು. ಈ ಸಲ ಅನ್ನಲಿಲ್ಲ. ಅವರು ಇಲ್ಲ ಅಂದರು. ಆಮೇಲೆ ಪಕ್ಕಕ್ಕೆ ಸರಿದರು. ಅಷ್ಟೇ ತಾನೇ? ಕ್ಯಾಪ್ಟನ್ ನಡೆದುಕೊಂಡು ಹೋಗಲು ಜಾಗ ಬಿಟ್ಟರು. ಆ ವಿಧಾನ ಕಂಡುಹಿಡಿದವರು ಯಾರು? ಇದೇ ಡಾಕ್ಟರ್. ಟುವಿಕ್ಸ್‌ಗೆ ಸಿಹಿಸುದ್ದಿಯ ಹಾಗೆ ಅದನ್ನು ಹೇಳಿದವರೂ ಅವರೇ. ಅವನು ಬೇಡ ಅಂದಾಗಲೂ ಆ ವಿಧಾನವನ್ನು ಬೀಗ ಹಾಕಿ ಇಡಲಿಲ್ಲ. ಗುಂಡಿ ಎಲ್ಲಿದೆ, ಯಾವ ಕ್ರಮದಲ್ಲಿ ಒತ್ತಬೇಕು, ಎಲ್ಲ ಸಿದ್ಧವಾಗಿತ್ತು. ನನ್ನ ಕೈಯಿಂದ ಆಗಬಾರದು, ಅಷ್ಟು ಮಾತ್ರ. ಕೈ ತೊಳೆದುಕೊಳ್ಳುವುದರಲ್ಲಿ ನಾವು ಆಸ್ಪತ್ರೆಯವರು ಬಹಳ ಚುರುಕು.

ಮಗ ಒಪ್ಪಲಿಲ್ಲ. "ಹಾಲೊಗ್ರಾಮ್ ಏನು ಮಾಡೋಕಾಗುತ್ತಮ್ಮ? ಕ್ಯಾಪ್ಟನ್ ಒಂದು ಮಾತು ಹೇಳಿದ್ರೆ ಆಫ್ ಆಗ್ತಾರೆ" ಅಂದ. ನಿಜ. ಆಫ್ ಮಾಡಲಿ. ಆಫ್ ಮಾಡುವ ಕೆಲಸವನ್ನಾದರೂ ಕ್ಯಾಪ್ಟನ್ ಮಾಡಬೇಕಾಗುತ್ತಿತ್ತಲ್ಲ. ಈ ಕಥಾಲೋಕದಲ್ಲಿ ಹಡಗಿನ ಮುಖ್ಯ ವೈದ್ಯರಿಗೆ ಕ್ಯಾಪ್ಟನ್‌ನನ್ನೇ ಅನಾರೋಗ್ಯದ ಕಾರಣ ಕೊಟ್ಟು ಕೆಲಸದಿಂದ ಇಳಿಸುವ ಅಧಿಕಾರವಿದೆ. ಡಾಕ್ಟರ್‌ಗೆ ಅದು ಗೊತ್ತಿಲ್ಲವೇ? 1997ರಲ್ಲಿ ಬಂದ 'ಇಯರ್ ಆಫ್ ಹೆಲ್' ಎಂಬ ಎರಡು ಭಾಗದ ಕಥೆಯಲ್ಲಿ ಇದೇ ಡಾಕ್ಟರ್ ಇದೇ ಜೇನ್‌ವೇಗೆ ನೀವು ಇನ್ನು ಕ್ಯಾಪ್ಟನ್ ಆಗಿರಲು ಯೋಗ್ಯರಲ್ಲ ಅಂತ ಮುಖಕ್ಕೆ ಹೇಳುತ್ತಾರೆ. ಅವಳು ಕೇಳುವುದಿಲ್ಲ, ಅದು ಬೇರೆ. ಹೇಳುವ ಎದೆ ಇತ್ತು. ಟುವಿಕ್ಸ್ ವಿಷಯದಲ್ಲಿ ಅಲ್ಲಿಯವರೆಗೂ ಹೋಗಬೇಕಾಗಿರಲಿಲ್ಲ. ಅವನ ಪಕ್ಕ ಹೋಗಿ ನಿಂತಿದ್ದರೂ ಸಾಕಿತ್ತು. ಕೈ ಹಿಡಿದುಕೊಂಡಿದ್ದರೂ ಸಾಕಿತ್ತು.

ಕೊಲೆಗಾರ್ತಿಯೋ ಅಲ್ಲವೋ ಅಂತ ಕ್ಯಾಪ್ಟನ್ ಬಗ್ಗೆ ಮೂವತ್ತು ವರ್ಷ ಕಿತ್ತಾಡುವುದು ನಮಗೆ ಯಾಕೆ ಇಷ್ಟ ಅಂತ ನನಗೆ ಈಗ ಅನುಮಾನ. ಅವಳು ತೀರ್ಮಾನ ಮಾಡಿದಳು, ತಾನೇ ಮಾಡಿ ಮುಗಿಸಿದಳು, ಆ ಮುಖ ಹೊತ್ತುಕೊಂಡು ಕಾರಿಡಾರಿನಲ್ಲಿ ನಡೆದಳು. ನಮ್ಮಲ್ಲಿ ಎಷ್ಟು ಜನ ಯಾವಾಗಾದರೂ ಆ ಜಾಗದಲ್ಲಿ ಇರುತ್ತೇವೆ? ನಾವು ಇರುವುದು ಬ್ರಿಡ್ಜ್‌ನಲ್ಲಿ ತಲೆ ತಗ್ಗಿಸಿದವರ ಜಾಗದಲ್ಲಿ. ತುಂಬ ಒಳ್ಳೆಯವರಾದರೆ ಡಾಕ್ಟರ್ ಜಾಗದಲ್ಲಿ.

ಬ್ರಿಡ್ಜ್‌ನವರ ವಿಷಯ ಬಂದಿದ್ದಕ್ಕೆ ಒಂದು ಮಾತು. ಮುಂದಿನ ವಾರ, ಅಂದರೆ 1996ರ ಮೇ 13ರಂದು ಬಂದ ಕಂತನ್ನು ಇದರ ಜೊತೆ ಇಟ್ಟು ನೋಡಿದವರು ಕಡಿಮೆ. ಅದರಲ್ಲಿ ಕ್ಯಾಪ್ಟನ್ ಜೇನ್‌ವೇಗೂ ಅವಳ ಕೈಕೆಳಗಿನ ಅಧಿಕಾರಿ ಚಕೋಟೆಗೂ ಒಂದು ಗ್ರಹದಲ್ಲಿ ಹುಳ ಕಚ್ಚಿ ರೋಗ ಹತ್ತುತ್ತದೆ. ಗ್ರಹ ಬಿಟ್ಟರೆ ಸಾಯುತ್ತಾರೆ. ನಮ್ಮನ್ನು ಇಲ್ಲೇ ಬಿಟ್ಟು ಹೋಗಿ, ಔಷಧಿಗಾಗಿ ಶತ್ರುಗಳ ಹತ್ತಿರ ಹೋಗಬೇಡಿ ಅಂತ ಕ್ಯಾಪ್ಟನ್ ಆಜ್ಞೆ ಕೊಡುತ್ತಾಳೆ. ಹಡಗು ಯಾರ ಕೈಗೆ ಬರುತ್ತದೆ? ಟುವಾಕ್ ಕೈಗೆ! ಹೋದ ವಾರ ವಾಪಸ್ ಬಂದ ಅದೇ ಟುವಾಕ್. ಅವನು ಆಜ್ಞೆ ಪಾಲಿಸುತ್ತಾನೆ. ಸಿಬ್ಬಂದಿ ಕುದಿಯುತ್ತಾರೆ. ಹ್ಯಾರಿ ಕಿಮ್ ಎಂಬ ಹುಡುಗ ಬ್ರಿಡ್ಜ್‌ನಲ್ಲಿ ಎಲ್ಲರೆದುರು ಎದುರು ಮಾತಾಡುತ್ತಾನೆ. ಕೊನೆಗೆ ಕೆಸ್ ಹೋಗಿ ಟುವಾಕ್ ಮನಸ್ಸು ಕರಗಿಸುತ್ತಾಳೆ. ಕ್ಯಾಪ್ಟನ್ ಹೇಳಿದ್ದನ್ನು ಮೀರಿ ಕ್ಯಾಪ್ಟನ್‌ನನ್ನು ಉಳಿಸುತ್ತಾರೆ.

ಏಳು ದಿನದ ಅಂತರ. ಅದೇ ಬ್ರಿಡ್ಜ್. ಅದೇ ಜನ. ಇವರಿಗೆ ಎದುರು ಮಾತಾಡಲು ಬರುತ್ತದೆ ಅಂತಾಯಿತಲ್ಲ. ಟುವಿಕ್ಸ್ ಕೇಳಿದಾಗ ಬಾಯಿ ಕಟ್ಟಿದ್ದು ಆಜ್ಞೆಯಲ್ಲ. ಅವರಿಗೂ ಹಳೆಯ ಗೆಳೆಯರೇ ಬೇಕಾಗಿತ್ತು. ಬರೆದವರು ಇದನ್ನು ಯೋಚಿಸಿ ಪಕ್ಕಪಕ್ಕ ಇಟ್ಟರೋ, ಹಾಗೇ ಬಂತೋ ಹೇಳಲಾರೆ. ಟುವಿಕ್ಸ್ ಬಗ್ಗೆ ಮಾತ್ರ ಆ ಕಂತಿನಲ್ಲಿ ಸೊಲ್ಲೇ ಇಲ್ಲ. ಈ ಧಾರಾವಾಹಿಯ ಮೇಲೆ ನನ್ನ ನಿಜವಾದ ಕೋಪ ಅದು. ವಾರ ಕಳೆದರೆ ಹಾಸಿಗೆಯ ಚಾದರ ಬದಲಾಯಿಸಿದ ಹಾಗೆ.

ಡಾಕ್ಟರ್‌ಗೆ ಅಪರಾಧಿ ಭಾವ ಬರುತ್ತದೆ ಅಂತ ಬರೆದವರಿಗೆ ಗೊತ್ತಿರಲಿಲ್ಲ ಅನ್ನುವ ಹಾಗೂ ಇಲ್ಲ. 1999ರ ಜನವರಿಯಲ್ಲಿ ಬಂದ 'ಲೇಟೆಂಟ್ ಇಮೇಜ್' ಎಂಬ ಕಂತನ್ನು ನೋಡಿ. ಇಬ್ಬರು ಗಾಯಾಳುಗಳು, ಬದುಕುವ ಸಾಧ್ಯತೆ ಇಬ್ಬರಿಗೂ ಸಮ, ಸಮಯ ಇರುವುದು ಒಬ್ಬರಿಗೆ ಮಾತ್ರ. ಡಾಕ್ಟರ್ ಹ್ಯಾರಿ ಕಿಮ್‌ನನ್ನು ಆರಿಸುತ್ತಾರೆ. ಇನ್ನೊಬ್ಬಳು, ಜೆಟಾಲ್ ಎಂಬ ಹುಡುಗಿ, ಸಾಯುತ್ತಾಳೆ. ಅವನು ಸ್ನೇಹಿತ ಅಂತ ಆರಿಸಿದೆನೇ ಅನ್ನುವ ಒಂದೇ ಪ್ರಶ್ನೆ ಅವರ ತಲೆ ಕೆಡಿಸುತ್ತದೆ. ಕ್ಯಾಪ್ಟನ್ ಏನು ಮಾಡುತ್ತಾಳೆ? ಅವರನ್ನು ಕೇಳದೆ ಆ ನೆನಪನ್ನೇ ಅಳಿಸಿಹಾಕುತ್ತಾಳೆ! ಒಂದೂವರೆ ವರ್ಷದ ಮೇಲೆ ಅದು ಬಯಲಾಗುತ್ತದೆ. ಆಗ ಕ್ಯಾಪ್ಟನ್ ತಪ್ಪು ತಿದ್ದಿಕೊಳ್ಳುತ್ತಾಳೆ. ನೆನಪು ವಾಪಸ್ ಕೊಟ್ಟು, ಅವರು ಅದರ ಜೊತೆ ಗುದ್ದಾಡುವಷ್ಟು ದಿನವೂ ಯಾರಾದರೊಬ್ಬರು ಪಾಳಿಯ ಮೇಲೆ ಪಕ್ಕದಲ್ಲಿ ಕೂರುತ್ತಾರೆ. ಕ್ಯಾಪ್ಟನ್ ಕೂಡ ಕೂರುತ್ತಾಳೆ, ಪುಸ್ತಕ ಹಿಡಿದುಕೊಂಡು, ತೂಕಡಿಸುತ್ತಾ. ರೋಗಿಯ ಪಕ್ಕ ರಾತ್ರಿ ಕೂತವರಿಗೆ ಆ ದೃಶ್ಯ ಏನು ಅಂತ ಗೊತ್ತು. ಇಡೀ 172ರಲ್ಲಿ ನನಗೆ ಅದಕ್ಕಿಂತ ಇಷ್ಟವಾದ ದೃಶ್ಯ ಇಲ್ಲ.

ಆ ಕಂತಿನ ಬಗ್ಗೆ ಅಭಿಮಾನಿಗಳು ಇಷ್ಟು ಜಗಳವಾಡುವುದಿಲ್ಲ. ಎಲ್ಲರೂ ಒಪ್ಪುತ್ತಾರೆ, ಒಳ್ಳೆಯ ಕಂತು ಅನ್ನುತ್ತಾರೆ, ಮುಂದೆ ಹೋಗುತ್ತಾರೆ. ಆದರೆ ನನಗೆ ಒಂದು ಪ್ರಶ್ನೆ ಉಳಿಯುತ್ತದೆ. ಜೆಟಾಲ್‌ಗಾಗಿ ಹುಚ್ಚು ಹಿಡಿಯುವಷ್ಟು ನೊಂದ ಡಾಕ್ಟರ್, ಟುವಿಕ್ಸ್‌ಗಾಗಿ ಅವತ್ತು ರಾತ್ರಿ ಯಾಕೆ ನೋಯಲಿಲ್ಲ? ಜೆಟಾಲ್ ವಿಷಯದಲ್ಲಿ ಕೈ ಅವರದು. ಟುವಿಕ್ಸ್ ವಿಷಯದಲ್ಲಿ ಕೈ ಅವರದಲ್ಲ. ಅಷ್ಟೇನಾ ವ್ಯತ್ಯಾಸ?

ನಾನು ಈಗ ಯಾವ ಪಕ್ಷ ಅಂತ ಮಗ ಕೇಳಿದ. ಟುವಿಕ್ಸ್ ಪಕ್ಷ ಅಂದೆ. ಗೆದ್ದವನ ಹಾಗೆ ನಕ್ಕ. ಕ್ಯಾಪ್ಟನ್ ತಪ್ಪು ಮಾಡಿದಳು ಅಂತಲೇ ಈಗ ನನ್ನ ಅಭಿಪ್ರಾಯ. ಆದರೆ ಅವಳನ್ನು ಬೈಯಲು ಮೊದಲಿನಷ್ಟು ಉಮೇದಿಲ್ಲ.

ಅಜ್ಜನ ಕಥೆಯಲ್ಲಿ ಬಿಟ್ಟ ಭಾಗ ಇದೆ ಅಂದೆನಲ್ಲ. ಆಪರೇಷನ್ ಆಗಿ ಮೂರು ವಾರದ ಮೇಲೆ ಅವರು ಡ್ರೆಸ್ಸಿಂಗ್‌ಗೆ ಬಂದರು. ಗಾಲಿ ಕುರ್ಚಿಯಲ್ಲಿದ್ದರು. ನನ್ನನ್ನು ನೋಡಿದ ತಕ್ಷಣ ಗುರುತು ಹಿಡಿದರು. ಸಿಟ್ಟೇನೂ ಇರಲಿಲ್ಲ. "ಸಿಸ್ಟರ್, ಅವತ್ತು ನೀವೊಬ್ರೇ ನನ್ನ ಮಾತು ಕೇಳಿದ್ದು. ಬೆಳಿಗ್ಗೆ ಕರ್ಕೊಂಡು ಹೋಗೋವಾಗ ಎಷ್ಟು ಹುಡುಕಿದೆ. ಎಲ್ಲಿ ಹೋದ್ರಿ?" ಅಂದರು.

"ನನ್ನ ಡ್ಯೂಟಿ ಬದಲಾಗಿತ್ತು ಅಜ್ಜ" ಅಂದೆ.

ಸುಳ್ಳಲ್ಲ. ಆ ದಿನದ ಡ್ಯೂಟಿ ಪುಸ್ತಕ ತೆಗೆದು ನೋಡಿದರೆ ನನ್ನ ಹೆಸರು ಒಂದು ವಾರ್ಡ್‌ನಲ್ಲಿ ಹೊಡೆದು ಇನ್ನೊಂದರಲ್ಲಿ ಬರೆದಿರುವುದು ಕಾಣುತ್ತದೆ. ಯಾರೂ ನನಗೆ ಹೋಗು ಅಂದಿರಲಿಲ್ಲ. ಆ ಅಕ್ಷರ ನನ್ನದೇ.

ಇತಿ,
ಒಬ್ಬ ನಿವೃತ್ತ ನರ್ಸ್
(ಹೆಸರು ಅಚ್ಚು ಮಾಡಬೇಡಿ ಎಂದು ವಿನಂತಿ)